ಹಾಜರಿಯ ಚರಿತ್ರೆ: ಕಾವಲಿನ ಕಣ್ಣು ಮೊದಲು ಯಾರ ಮೇಲೆ ಬೀಳತೈತಿ?

ಪೋಸ್ಟ್ ಉದ್ದ ಐತಿ, ಪುರುಸೊತ್ತಾದಾಗ ಕುಂತು ಓದ್ರಿ.

ಹೋದ ವಾರ ನಮ್ಮ ಗುಂಪಿನಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಒಂದು ಪ್ರಶ್ನೆ ಹಾಕಿದ್ದ. "ಅಣ್ಣಾ, ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ನಾನು ಕಳಿಸೋ ಮೇಲ್, ಚಾಟ್ ಎಲ್ಲಾ ಮ್ಯಾನೇಜರ್ ಓದಬಹುದಂತೆ. ಇದಕ್ಕೆ ಏನಾದ್ರೂ ಕಾನೂನು ಇದೆಯಾ?" ಹಿರಿಯ ಕಾರ್ಯಕರ್ತರೊಬ್ಬರು ಅವನಿಗೆ ಉತ್ತರ ಕೊಟ್ಟರು: "ತಮ್ಮಾ, ಪ್ರೈವಸಿ ಅನ್ನೋದು ಎಸಿ ರೂಮಿನ ಮಂದಿ ತಕರಾರು. ನಮ್ಮ ಮಂದಿಗೆ ಮೊದಲು ಪಗಾರ ಸರಿಯಾಗಿ ಆಗಲಿ." ಅದಕ್ಕೆ ಇಪ್ಪತ್ತು ಮಂದಿ ಹೆಬ್ಬೆರಳು ಎತ್ತಿದರು.

ಆ ಹಿರಿಯರ ಬಗ್ಗೆ ನನಗೆ ಗೌರವ ಐತಿ. ಪಗಾರದ ಮಾತೂ ಖರೇನ. ಆದರ ಈ ತಕರಾರು ಎಸಿ ರೂಮಿನಲ್ಲಿ ಹುಟ್ಟಿದ್ದಲ್ಲ. ಕೆಲಸದ ಜಾಗದಲ್ಲಿ ಆಳಿನ ಮೇಲೆ ಕಣ್ಣಿಡುವ ಒಂದೊಂದು ಉಪಾಯವನ್ನೂ ಈ ದೇಶದಲ್ಲಿ ಮೊದಲು ಪ್ರಯೋಗ ಮಾಡಿದ್ದು ತಳದ ಮಂದಿಯ ಮೈಮೇಲೆ. ಅಲ್ಲಿ ಯಾರೂ ಕೇಳಲಿಲ್ಲ ಅಂದಾಗ ಅದು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಯಿತು. ಬೆಂಗಳೂರಿನ ಹುಡುಗನ ಲ್ಯಾಪ್‌ಟಾಪಿಗೆ ಬಂದಿರುವುದು ಆ ಮೆರವಣಿಗೆಯ ಬಾಲ. ತಲೆ ಎಲ್ಲಿತ್ತು ಅಂತ ನೋಡೋಣ.

ಬೆರಳಚ್ಚಿನಿಂದ ಶುರು ಮಾಡ್ತೀನಿ. ಇವತ್ತು ಕಚೇರಿ ಬಾಗಿಲಲ್ಲಿ ಬೆರಳು ಒತ್ತುವ ಮಷೀನು ಎಲ್ಲರಿಗೂ ಗೊತ್ತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಅನ್ನುವ ಬ್ರಿಟಿಷ್ ಅಧಿಕಾರಿ ರಸ್ತೆಗೆ ಸಾಮಾನು ಒದಗಿಸುವ ಒಂದು ಕರಾರು ಮಾಡಿಕೊಂಡ. ಕರಾರಿನ ಆ ಕಡೆ ಇದ್ದವನು ರಾಜ್ಯಧರ ಕೊನಾಯಿ ಅನ್ನುವ ಸ್ಥಳೀಯ ಗುತ್ತಿಗೆದಾರ. ಮುಂದೆ ಆ ಮನುಷ್ಯ ಮಾತು ತಪ್ಪಬಾರದು ಅಂತ ಹರ್ಷಲ್ ಅವನ ಇಡೀ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿಕೊಂಡ. ಬೆರಳಚ್ಚಿನ ಆಧುನಿಕ ಚರಿತ್ರೆ ಶುರುವಾಗುವುದು ಹೀಗೆ, ಒಂದು ಕೆಲಸದ ಕರಾರಿನಿಂದ, ಕೆಲಸ ಮಾಡುವವನ ಮೇಲಿನ ಅನುಮಾನದಿಂದ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ ಶುರುವಾಯಿತು. ಇಂಗ್ಲೆಂಡಿಗೆ ಆ ವಿದ್ಯೆ ಹೋಗಿದ್ದು ಆಮೇಲೆ.

ಅಷ್ಟರಲ್ಲಿ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದಿತ್ತು. ಇಡೀ ಒಂದು ಸಮುದಾಯವನ್ನು ಹುಟ್ಟಿನಿಂದಲೇ ಕಳ್ಳರು ಅಂತ ಸರ್ಕಾರಿ ಗೆಜೆಟ್‌ನಲ್ಲಿ ಘೋಷಿಸುವ ಕಾಯ್ದೆ ಅದು. ಮೊದಲು ಉತ್ತರ ಭಾರತದಲ್ಲಿದ್ದ ಅದು 1911ರ ಹೊಸ ಕಾಯ್ದೆಯೊಂದಿಗೆ ನಮ್ಮ ಕಡೆಗೂ ಹರಡಿತು. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1911ರ ಕಾಯ್ದೆಯ ಪ್ರಕಾರ ಘೋಷಿತ ಸಮುದಾಯದ ಮಂದಿಯ ಹೆಸರು ರಿಜಿಸ್ಟರ್‌ನಲ್ಲಿ ಬರಬೇಕು, ಬೆರಳಚ್ಚು ಕೊಡಬೇಕು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹೇಳಬೇಕು, ಊರು ಬಿಟ್ಟರೆ ತಿಳಿಸಿ ಹೋಗಬೇಕು. ಕಳವು ಮಾಡಿದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಯಾವ ತಾಯಿ ಹೊಟ್ಟೆಯಲ್ಲಿ ಹುಟ್ಟಿದ ಅನ್ನುವುದೇ ಸಾಕ್ಷಿ.

ಇದು ಎಲ್ಲೋ ದೂರದ ಕಥೆ ಅನ್ನಿಸಿದರೆ, ನಮ್ಮ ಗುಡಗೇರಿ ಸ್ಟೇಷನ್ನಿನಿಂದ ಪ್ಯಾಸೆಂಜರ್ ಹತ್ತಿ ಸಂಶಿ, ಕುಂದಗೋಳ ದಾಟಿ ಹುಬ್ಬಳ್ಳಿಗೆ ಇಳೀರಿ. ಅಲ್ಲಿ ಇವತ್ತಿಗೂ 'ಸೆಟ್ಲಮೆಂಟ್' ಅಂತ ಕರೆಯುವ ಭಾಗ ಐತಿ. ರಿಕ್ಷಾದವನಿಗೆ ಹೇಳಿದರೆ ಸೀದಾ ಬಿಡ್ತಾನ. ಆ ಇಂಗ್ಲಿಷ್ ಹೆಸರು ಎಲ್ಲಿಂದ ಬಂತು ಅಂತ ಎಷ್ಟು ಮಂದಿ ಕೇಳಿದ್ದೀವಿ? ಅದು ಕ್ರಿಮಿನಲ್ ಟ್ರೈಬ್ಸ್ ಸೆಟ್ಲಮೆಂಟ್. ಸುತ್ತ ತಂತಿ ಬೇಲಿ ಹಾಕಿ, ಒಳಗೆ ಕುಟುಂಬಗಳನ್ನಿಟ್ಟು, ಹಾಜರಿ ಕರೆದು, ಪಾಸು ಕೊಟ್ಟು ಕೆಲಸಕ್ಕೆ ಬಿಡುತ್ತಿದ್ದ ಜಾಗ. ಇಂಥವೇ ವಿಜಾಪುರ, ಗದಗ, ಗೋಕಾಕ ಫಾಲ್ಸ್, ಸೊಲ್ಲಾಪುರದಲ್ಲೂ ಇದ್ದವು.

ಊರುಗಳ ಹೆಸರು ಸರಿಯಾಗಿ ನೋಡ್ರಿ. ಸೊಲ್ಲಾಪುರದಲ್ಲಿ ಗಿರಣಿ, ಗೋಕಾಕ ಫಾಲ್ಸ್‌ನಲ್ಲಿ ಗಿರಣಿ, ಹುಬ್ಬಳ್ಳಿಯಲ್ಲಿ ಗಿರಣಿ ಮತ್ತು ರೇಲ್ವೆ ವರ್ಕ್‌ಶಾಪ್. ಎಲ್ಲಿ ಕೈಗಳು ಬೇಕಾಗಿದ್ದವೋ ಅಲ್ಲಿ ಬೇಲಿ ಎದ್ದಿತು. 'ಸುಧಾರಣೆ' ಅಂತ ಸರ್ಕಾರ ಹೇಳಿತು. ಮಾಲೀಕನಿಗೆ ಸಿಕ್ಕಿದ್ದು ಬೇರೆ ಕಡೆ ಓಡಿಹೋಗಲಾರದ ಕೆಲಸಗಾರ. ಒಂದು ದಿನ ಗಿರಣಿಗೆ ಬರದಿದ್ದರೆ ಸಾಮಾನ್ಯ ಕೂಲಿಯವನಿಗೆ ಪಗಾರ ಮಾತ್ರ ಹೋಗುತ್ತಿತ್ತು. ಬೇಲಿಯೊಳಗಿನವನಿಗೆ ಅದರ ಮೇಲೆ ಸೆಟ್ಲಮೆಂಟ್ ಕಚೇರಿಯ ವಿಚಾರಣೆ, ಕಾಯ್ದೆಯ ಹೆದರಿಕೆ. ಕೆಲಸದ ಹಾಜರಿ ಮತ್ತು ಪೊಲೀಸ್ ಹಾಜರಿ ಒಂದೇ ಆದ ಜಾಗ ಅದು. ನನ್ನ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಕೆಲಸಗಾರನ ಮೇಲಿನ ಕಾವಲಿನ ಚರಿತ್ರೆ ಬರೆಯುವವರು ಐಟಿ ಪಾರ್ಕಿನಿಂದ ಶುರು ಮಾಡಬಾರದು, ಆ ತಂತಿ ಬೇಲಿಯಿಂದ ಶುರು ಮಾಡಬೇಕು.

ಪತ್ರದ ವಿಷಯಕ್ಕೂ ಇದೇ ಕಥೆ. ಹಳೆ ಕಾಲದಲ್ಲಿ ಸರ್ಕಾರಿ ಟಪಾಲನ್ನು ಹಳ್ಳಿಯಿಂದ ಹಳ್ಳಿಗೆ ಹೊತ್ತು ಮುಟ್ಟಿಸಿದವರು ಯಾರು? ನಮ್ಮ ಕೇರಿಯ ವಾಲೀಕಾರರು, ಮರಾಠಿ ಸೀಮೆಯ ವತನದಾರ ಮಹಾರರು. ಮಳೆ, ಹೊಳೆ, ರಾತ್ರಿ ಅನ್ನದೆ ಹೊತ್ತರು. ಒಳಗೇನೈತಿ ಅಂತ ಓದಲಿಕ್ಕೆ ಅಕ್ಷರ ಕೊಟ್ಟಿರಲಿಲ್ಲ. ಇವತ್ತು ನಮಗೆ ಅಕ್ಷರ ಬಂದೈತಿ, ನಮ್ಮದೇ ಸಂದೇಶ ನಾವು ಬರೀತೀವಿ. ಈಗ ಓದುವವನು ಸಾಹೇಬ.

ಬಾಬಾಸಾಹೇಬರಿಗೆ ಇದೆಲ್ಲ ಪುಸ್ತಕದಿಂದ ಗೊತ್ತಾದದ್ದಲ್ಲ. 1928ರಲ್ಲಿ ಮುಂಬಯಿ ಸರ್ಕಾರ ದಲಿತರು ಮತ್ತು ಆದಿವಾಸಿಗಳ ಸ್ಥಿತಿ ನೋಡಲಿಕ್ಕೆ ಒಂದು ಸಮಿತಿ ಮಾಡಿತು. ಅಧ್ಯಕ್ಷ ಓ. ಎಚ್. ಬಿ. ಸ್ಟಾರ್ಟ್, ಅಂದರೆ ಕ್ರಿಮಿನಲ್ ಟ್ರೈಬ್ಸ್ ಸೆಟ್ಲಮೆಂಟ್‌ಗಳ ಉಸ್ತುವಾರಿ ಮಾಡಿದ್ದ ಅಧಿಕಾರಿಯೇ. ಆ ಸಮಿತಿಯಲ್ಲಿ ಡಾ. ಅಂಬೇಡ್ಕರ್ ಸದಸ್ಯರು. 1930ರಲ್ಲಿ ವರದಿ ಬಂತು. ಮುಂದೆ 1948ರಲ್ಲಿ 'ದಿ ಅನ್‌ಟಚೇಬಲ್ಸ್' ಪುಸ್ತಕದ ಮುನ್ನುಡಿಯಲ್ಲಿ ಅವರು ಅಸ್ಪೃಶ್ಯರು, ಆದಿವಾಸಿಗಳು, 'ಕ್ರಿಮಿನಲ್' ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಸಮುದಾಯಗಳು, ಈ ಮೂರನ್ನೂ ಒಟ್ಟಿಗಿಟ್ಟು, ಇವರನ್ನು ಸೃಷ್ಟಿಸಿದ ನಾಗರಿಕತೆಯನ್ನೇ ಕಟಕಟೆಗೆ ನಿಲ್ಲಿಸಿದರು.

1947ರ ಮಾರ್ಚ್‌ನಲ್ಲಿ ಅವರು ಸಂವಿಧಾನ ಸಭೆಗೆ ಕೊಟ್ಟ 'ಸ್ಟೇಟ್ಸ್ ಆ್ಯಂಡ್ ಮೈನಾರಿಟೀಸ್' ನಮ್ಮ ಕಾರ್ಯಕರ್ತರು ಪ್ರತಿಯೊಬ್ಬರೂ ಓದಬೇಕಾದದ್ದು. ಅದರಲ್ಲಿ ಎರಡು ಮಾತು ಇವತ್ತಿನ ವಿಷಯಕ್ಕೆ ನೇರ ಸಂಬಂಧ. ಒಂದು: ಮನುಷ್ಯನ ಮೈ, ಮನೆ, ಕಾಗದಪತ್ರ, ಸಾಮಾನುಗಳನ್ನು ಸರಿಯಾದ ಕಾರಣವಿಲ್ಲದೆ ಶೋಧಿಸಬಾರದು, ಜಪ್ತಿ ಮಾಡಬಾರದು ಅನ್ನುವುದನ್ನು ಅವರು ಮೂಲಭೂತ ಹಕ್ಕಾಗಿ ಕೇಳಿದ್ದರು. ಎರಡು: ಸರ್ಕಾರದ ಹಿಡಿತ ಇರಬಾರದು, ಸ್ವಾತಂತ್ರ್ಯ ಬೇಕು ಅಂತ ಯಾರು ಕೂಗ್ತಾರೋ ಅವರು ಕೇಳುತ್ತಿರುವುದು ಯಾರ ಸ್ವಾತಂತ್ರ್ಯ ಅಂತ ಪ್ರಶ್ನಿಸಿದ್ದರು. ಹಾಗೆ ಬಿಟ್ಟುಕೊಟ್ಟರೆ ಉಳಿಯುವುದು ಖಾಸಗಿ ಮಾಲೀಕನ ಸರ್ವಾಧಿಕಾರ ಅನ್ನುವುದು ಅವರ ವಾದ. ಹೊಟ್ಟೆಪಾಡಿಗೆ ಮಾಲೀಕನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಮೂಲಭೂತ ಹಕ್ಕು ಎಷ್ಟು ಹೊತ್ತು ಉಳಿದೀತು ಅಂತ ಅವರು 1947ರಲ್ಲೇ ಕೇಳಿದ್ದರು. 'ಒಪ್ಪಿಗೆ' ಅಂತ ಫಾರ್ಮ್ ಮುಂದೆ ತಳ್ಳುವ ಎಚ್‌ಆರ್ ಮಂದಿಗೆ ಇದನ್ನು ಓದಿ ಹೇಳಬೇಕು. ಸಹಿ ಹಾಕದಿದ್ದರೆ ಕೆಲಸ ಇಲ್ಲ ಅಂದ ಮೇಲೆ ಅದಕ್ಕೆ ಒಪ್ಪಿಗೆ ಅನ್ನುವ ಹೆಸರು ಯಾಕ?

ಸಂವಿಧಾನ ಸಭೆಯಲ್ಲಿ ಏನಾಯಿತು ಅಂತಲೂ ಗೊತ್ತಿರಲಿ. ಮೂಲಭೂತ ಹಕ್ಕುಗಳ ಉಪಸಮಿತಿಯ ಕರಡಿನಲ್ಲಿ ಪತ್ರವ್ಯವಹಾರದ ಗೋಪ್ಯತೆಯ ಹಕ್ಕು ಇತ್ತು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರೋಧಿಸಿದರು, ನಮ್ಮ ಕರಾವಳಿ ಮೂಲದ ಸಲಹೆಗಾರ ಬಿ. ಎನ್. ರಾವ್ ಅವರೂ ವಿರೋಧಿಸಿದರು. ಪೊಲೀಸ್ ತನಿಖೆಗೆ ತೊಂದರೆ ಆಗುತ್ತದೆ ಅನ್ನುವುದು ಅವರ ವಾದ. ಹಕ್ಕು ಕೈಬಿಟ್ಟು ಹೋಯಿತು. 1948ರ ಡಿಸೆಂಬರ್‌ನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅನ್ನುವ ಸದಸ್ಯರು ಶೋಧನೆ–ಜಪ್ತಿಯಿಂದ ರಕ್ಷಣೆಯ ತಿದ್ದುಪಡಿ ಮತ್ತೆ ತಂದರು. ಅದನ್ನು ಒಪ್ಪಲು ತಾನು ತಯಾರಿದ್ದೇನೆ ಅಂತ ಬಾಬಾಸಾಹೇಬರು ಎದ್ದು ನಿಂತು ಹೇಳಿದರು. ಈ ರಕ್ಷಣೆ ಈಗಿನ ಕಾನೂನಿನಲ್ಲಿ ಇದ್ದರೂ ನಾಳೆ ಯಾವುದೋ ಶಾಸನಸಭೆ ಅದನ್ನು ಅಳಿಸಿಹಾಕಬಹುದು, ಅದಕ್ಕೇ ಸಂವಿಧಾನದಲ್ಲಿ ಇಡುವುದು ಒಳ್ಳೆಯದು ಅನ್ನುವುದು ಅವರ ಲೆಕ್ಕ. ಸಭೆಯಲ್ಲಿ ಗದ್ದಲವಾಗಿ ಮತದಾನ ಮುಂದೆ ಹೋಯಿತು, ಆಮೇಲೆ ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದಲ್ಲಿ ಪ್ರೈವಸಿ ಅನ್ನುವ ಶಬ್ದ ಯಾಕಿಲ್ಲ ಅಂತ ಕೇಳುವವರಿಗೆ ಉತ್ತರ ಇದು.

1952ರ ಆಗಸ್ಟ್ 31ಕ್ಕೆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಯಿತು. ಅಲೆಮಾರಿ, ವಿಮುಕ್ತ ಸಮುದಾಯಗಳ ಗೆಳೆಯರು ಆ ದಿನವನ್ನು ವಿಮುಕ್ತಿ ದಿನ ಅಂತ ಆಚರಿಸ್ತಾರ. ಬೇಲಿ ಹೋಯಿತು, ರಿಜಿಸ್ಟರ್ ಹೋಗಲಿಲ್ಲ. ರಾಜ್ಯಗಳು 'ರೂಢಿಗತ ಅಪರಾಧಿ' ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಪೊಲೀಸ್ ಠಾಣೆಯಲ್ಲಿ ಹಿಸ್ಟರಿ ಶೀಟ್ ಉಳಿಯಿತು, ರಾತ್ರಿ ಬಾಗಿಲು ಬಡಿಯುವುದು ಉಳಿಯಿತು.

ಆ ಬಾಗಿಲು ಬಡಿತವೇ ಮುಂದೆ ಸುಪ್ರೀಂ ಕೋರ್ಟಿಗೆ ಹೋಯಿತು. ಉತ್ತರ ಪ್ರದೇಶದ ಖರಕ್ ಸಿಂಗ್ ಮೇಲೆ ದರೋಡೆ ಆರೋಪ ಇತ್ತು, ಸಾಕ್ಷಿ ಇಲ್ಲದೆ ಬಿಡುಗಡೆಯಾದ. ಆದರೂ ಪೊಲೀಸರು ಹಿಸ್ಟರಿ ಶೀಟ್ ತೆಗೆದು, ನಡುರಾತ್ರಿ ಮನೆಗೆ ಬಂದು ಎಬ್ಬಿಸುತ್ತಿದ್ದರು. 1962ರಲ್ಲಿ ಕೋರ್ಟು ರಾತ್ರಿ ಭೇಟಿ ತಪ್ಪು ಅಂದಿತು. ಪ್ರೈವಸಿ ಅನ್ನುವ ಹಕ್ಕು ಮಾತ್ರ ಸಂವಿಧಾನದಲ್ಲಿ ಇಲ್ಲ ಅಂದುಬಿಟ್ಟಿತು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತದಲ್ಲಿ ಇದೆ ಅಂದರು. ಗಮನಿಸ್ರಿ, ಈ ದೇಶದಲ್ಲಿ ಪ್ರೈವಸಿ ಕೇಸು ಹಾಕಿದ ಮೊದಲಿಗರಲ್ಲಿ ಒಬ್ಬ, ಪೊಲೀಸರ ಪಟ್ಟಿಯಲ್ಲಿದ್ದ ಬಡಪಾಯಿ.

ದೊಡ್ಡವರ ಕಿವಿಗೆ ಬಿಸಿ ತಟ್ಟಿದ್ದು ಟೆಲಿಫೋನ್ ಬಂದ ಮೇಲೆ. ನಮ್ಮ ರಾಜ್ಯದಲ್ಲೇ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಫೋನ್ ಕದ್ದಾಲಿಕೆ ಆರೋಪದ ಗದ್ದಲದಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟಿಳಿದರು. 1996ರಲ್ಲಿ ಪಿಯುಸಿಎಲ್ ಕೇಸಿನಲ್ಲಿ ಫೋನ್ ಕದ್ದಾಲಿಕೆಗೆ ಸುಪ್ರೀಂ ಕೋರ್ಟ್ ನಿಯಮ ಹಾಕಿತು. ರಾಜಕಾರಣಿಗಳ ಫೋನ್ ಕೇಳಿದರೆ ಸರ್ಕಾರವೇ ಅಲುಗಾಡತೈತಿ. ಕಸ ಗುಡಿಸುವ ಹೆಣ್ಣುಮಗಳ ಮೈಮೇಲೆ ಯಂತ್ರ ಕಟ್ಟಿದರೆ?

ಕಟ್ಟಿದರು. 2018ರ ನಂತರ ನಾಗಪುರ, ಚಂಡೀಗಢ, ಪಂಚಕುಲದಂಥ ನಗರಗಳಲ್ಲಿ ಸಫಾಯಿ ಕಾರ್ಮಿಕರ ಮುಂಗೈಗೆ ಜಿಪಿಎಸ್ ಗಡಿಯಾರ ಬಂತು. ಬಾಬಾಸಾಹೇಬರು ಧಮ್ಮ ದೀಕ್ಷೆ ತಗೊಂಡ ನಾಗಪುರದಲ್ಲಿ, ನಮ್ಮದೇ ಮಂದಿಯ ಕೈಗೆ. ಕಾರ್ಮಿಕ ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಅಂತ ಕಚೇರಿಯ ಪರದೆ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಪಾಯಖಾನೆಗೆ ಹೋಗುವಾಗಲೂ ಕೈಯಲ್ಲಿ ಅದೇ, ಒಳಗೆ ಕ್ಯಾಮೆರಾ ಐತೋ ಏನೋ ಅಂತ ಹೆಣ್ಣುಮಕ್ಕಳು ಹೆದರಿದರು. ಪ್ರತಿಭಟನೆಗಳಾದವು. ಬೆಂಗಳೂರಿನಲ್ಲಿ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಿ ಬಂದಿದ್ದು 2017ರ ಸುಮಾರಿಗೆ. ಕಸ, ಸುಣ್ಣ, ಬ್ಲೀಚಿಂಗ್ ಪುಡಿ ಮುಟ್ಟಿ ಸವೆದ ಬೆರಳನ್ನು ಮಷೀನು ಗುರುತು ಹಿಡಿಯದಿದ್ದರೆ ಆಕೆ ಆ ದಿನ ಬಂದೇ ಇಲ್ಲ. ಕೆಲಸವೇ ಬೆರಳಿನ ಗೆರೆ ಅಳಿಸಿತು, ಗೆರೆ ಇಲ್ಲ ಅಂತ ಕೆಲಸದ ಲೆಕ್ಕ ಅಳಿಸಿತು.

ಹಳ್ಳಿಗೆ ಬರ್ರಿ. 2021ರಲ್ಲಿ ಉದ್ಯೋಗ ಖಾತ್ರಿಗೆ ಎನ್‌ಎಂಎಂಎಸ್ ಅನ್ನುವ ಆ್ಯಪ್ ಬಂತು, 2023ರ ಜನವರಿ 1ರಿಂದ ಬಹುತೇಕ ಎಲ್ಲ ಕಾಮಗಾರಿಗೆ ಕಡ್ಡಾಯ. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಫೋಟೋ. ಎರೆಭೂಮಿಯ ನಡುವೆ ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಹೆಣ್ಣುಮಕ್ಕಳು ಕೆಲಸ ಮುಗಿಸಿಯೂ ಎರಡನೇ ಫೋಟೋಕ್ಕಾಗಿ ಬಿಸಿಲಿಗೆ ಕುಂತಿರ್ತಾರ. ಫೋಟೋ ಏರದಿದ್ದರೆ ಕೂಲಿಗೆ ಕತ್ತರಿ. ಅದೇ 2021ರಲ್ಲಿ ಅಂಗನವಾಡಿ ಅಕ್ಕಂದಿರ ಕೈಗೆ ಪೋಷಣ್ ಟ್ರ್ಯಾಕರ್ ಬಂತು. ಈ ಪಟ್ಟಿ ಮತ್ತೊಮ್ಮೆ ಓದ್ರಿ: ಸಫಾಯಿ, ಪೌರಕಾರ್ಮಿಕ, ಕೂಲಿ, ಅಂಗನವಾಡಿ. ಕಾಮಗಾರಿ ಬಿಲ್ಲು ಬರೆಯುವ ಇಂಜಿನಿಯರ್, ಟೆಂಡರ್ ಮಂಜೂರು ಮಾಡುವ ಸಾಹೇಬರು, ಗುತ್ತಿಗೆದಾರ, ಇವರಲ್ಲಿ ಯಾರ ಮುಂಗೈಗೆ ಗಡಿಯಾರ ಕಟ್ಟಿದ್ದಾರ ಹೇಳ್ರಿ ನೋಡೋಣ.

ಗುಮಾಸ್ತನಾಗಿ ನನ್ನ ಅನುಭವವನ್ನೂ ಹೇಳಬೇಕು. ಕಚೇರಿ ಯಾವುದು ಅಂತ ಬರೆಯೋದಿಲ್ಲ, ಯಾಕಂದ್ರ ಈ ಕಥೆ ಬಹಳ ಕಚೇರಿಗಳದು. ನಮ್ಮದೇ ರೊಕ್ಕದ ಫೋನು, ನಮ್ಮದೇ ರಿಚಾರ್ಜು. ಅದರೊಳಗೆ ಕಚೇರಿಯ ವಾಟ್ಸಾಪ್ ಗುಂಪು ಕಡ್ಡಾಯ. ಸಂದೇಶ ಓದಿದ ನೀಲಿ ಗೀಟು ಬಂತಾ, ರಾತ್ರಿ ಹತ್ತಕ್ಕೆ ಆನ್‌ಲೈನ್ ಇದ್ದೂ ಉತ್ತರ ಯಾಕ ಕೊಟ್ಟಿಲ್ಲ, ಎಲ್ಲದಕ್ಕೂ ಲೆಕ್ಕ. ಒಂದು ವರ್ಷ ಏಪ್ರಿಲ್ 14ಕ್ಕೆ ನಾನು ಬಾಬಾಸಾಹೇಬರ ಫೋಟೋ ಹಾಕಿ, ಮೀಸಲಾತಿ ಬ್ಯಾಕ್‌ಲಾಗ್ ಹುದ್ದೆ ತುಂಬ್ರಿ ಅಂತ ಎರಡು ಸಾಲು ಸ್ಟೇಟಸ್ ಬರೆದಿದ್ದೆ. ಎರಡು ದಿನಕ್ಕೆ ಮೇಲಿನವರು ಕರೆದು ತಮ್ಮ ಫೋನಿನಲ್ಲಿ ಅದರ ಸ್ಕ್ರೀನ್‌ಶಾಟ್ ತೋರಿಸಿದರು. ಮೆಮೋ ಇಲ್ಲ, ನೋಟಿಸ್ ಇಲ್ಲ. "ಎಲ್ಲಾ ನೋಡ್ತಿರ್ತಾರ, ಹುಷಾರ್ ಇರ್ರಿ" ಅಷ್ಟೇ. ಅದೇ ವಾರ ಅದೇ ಗುಂಪಿನಲ್ಲಿ ಜಾತ್ರೆ, ರಥೋತ್ಸವ, ಸ್ವಾಮಿಗಳ ಪಾದಪೂಜೆಯ ಫೋಟೋ ರಾಶಿ ಬಿದ್ದಿದ್ದವು. ಅವನ್ನು ಯಾರೂ ಸ್ಕ್ರೀನ್‌ಶಾಟ್ ತೆಗೆಯಲಿಲ್ಲ. ಕಾವಲು ಎಲ್ಲರ ಮೇಲೆ ಸಮ ಅಂತಾರಲ್ಲ, ಸಮ ಇರೋದಿಲ್ಲ. ಕ್ಯಾಮೆರಾಕ್ಕೆ ಜಾತಿ ಇಲ್ಲ ಖರೇ, ಕ್ಯಾಮೆರಾ ನೋಡುವವನಿಗೆ ಐತಿ.

ಈಗ ಕಾನೂನು. 2012ರಲ್ಲಿ, 86ರ ವಯಸ್ಸಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಪ್ರೈವಸಿ ಮೂಲಭೂತ ಹಕ್ಕು ಅಂದರು. ಖರಕ್ ಸಿಂಗ್ ಕೇಸಿನ ಹಳೆ ಮಾತು ಅವತ್ತು ಬಿದ್ದುಹೋಯಿತು. ಬಡವರಿಗೆ ಅನ್ನ ಸಾಕು, ಇಂಥ ಹಕ್ಕು ಉಳ್ಳವರ ಶೋಕಿ ಅನ್ನುವ ವಾದವನ್ನೂ ಆ ತೀರ್ಪು ಸ್ಪಷ್ಟವಾಗಿ ತಳ್ಳಿಹಾಕಿತು. ನಮ್ಮ ಗುಂಪಿನ ಹಿರಿಯರಿಗೆ ನಾನು ಹೇಳಬೇಕಾದ ಮಾತನ್ನು ಕೋರ್ಟೇ ಹೇಳಿಬಿಟ್ಟೈತಿ. ನಮ್ಮ ರಾಜ್ಯದ ಆ ಹಿರಿಯ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಮ್ಮ ಪೋಸ್ಟರ್‌ಗಳಲ್ಲಿ ಅವರಿಗೂ ಒಂದು ಜಾಗ ಇರಲಿ.

ಆ ತೀರ್ಪು ಬಂದ 12 ದಿನಕ್ಕೆ, 2017ರ ಸೆಪ್ಟೆಂಬರ್ 5ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ರೊಮಾನಿಯಾದ ಬಾರ್ಬುಲೆಸ್ಕು ಅನ್ನುವ ಸೇಲ್ಸ್ ಇಂಜಿನಿಯರ್. ಗಿರಾಕಿಗಳ ಜೊತೆ ಮಾತಾಡಲಿಕ್ಕೆ ಯಾಹೂ ಮೆಸೆಂಜರ್ ಖಾತೆ ಮಾಡಿಕೋ ಅಂತ ಕಂಪನಿಯೇ ಹೇಳಿತ್ತು. 2007ರ ಜುಲೈನಲ್ಲಿ ಕಂಪನಿ ಅವನ ಮಾತುಕತೆಯನ್ನು ದಿನಗಟ್ಟಲೆ ದಾಖಲು ಮಾಡಿ, 45 ಪುಟ ಅಚ್ಚು ಹಾಕಿ ಅವನ ಮುಂದಿಟ್ಟಿತು. ಅಣ್ಣತಮ್ಮನ ಜೊತೆ, ಮದುವೆಯಾಗಲಿದ್ದ ಹುಡುಗಿಯ ಜೊತೆ ಆಡಿದ ಖಾಸಗಿ ಮಾತು, ಆರೋಗ್ಯದ ಮಾತು ಎಲ್ಲವೂ ಅದರಲ್ಲಿ. ಆಮೇಲೆ ಕೆಲಸದಿಂದ ತೆಗೆದರು. ಹತ್ತು ವರ್ಷ ಹೋರಾಡಿದ. 2016ರಲ್ಲಿ ಅದೇ ನ್ಯಾಯಾಲಯದ ಸಣ್ಣ ಪೀಠದಲ್ಲಿ ಸೋತ, ಮರುವರ್ಷ ದೊಡ್ಡ ಪೀಠದಲ್ಲಿ 11–6ರಿಂದ ಗೆದ್ದ. ಮಾಲೀಕನ ನಿಯಮ ಕೆಲಸದ ಜಾಗದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಸೊನ್ನೆಗೆ ಇಳಿಸಲಾರದು ಅನ್ನುವುದು ಆ ತೀರ್ಪಿನ ಸಾರ. ಕಾವಲು ಇಡುವುದಾದರೆ ಮೊದಲೇ ತಿಳಿಸಿದ್ದೀಯಾ, ಎಷ್ಟು ನೋಡಿದೆ, ಯಾವ ಕಾರಣಕ್ಕೆ, ಇದಕ್ಕಿಂತ ಕಡಿಮೆ ಮೈಮೇಲೆ ಬೀಳುವ ದಾರಿ ಇರಲಿಲ್ಲವಾ, ಸಿಕ್ಕ ಮಾಹಿತಿ ಏನು ಮಾಡಿದೆ, ಈ ಪ್ರಶ್ನೆಗಳಿಗೆ ಮಾಲೀಕ ಉತ್ತರ ಕೊಡಬೇಕು.

ನಮ್ಮ ದೇಶದಲ್ಲಿ ಬೆಂಗಳೂರಿನ ಹುಡುಗನ ಪ್ರಶ್ನೆಗೆ ಉತ್ತರ ಹೀಗೈತಿ. ಕೆಲಸಗಾರನ ಮೇಲ್, ಚಾಟ್‌ಗಳನ್ನು ಮಾಲೀಕ ಎಷ್ಟು ನೋಡಬಹುದು ಅಂತ ಗೆರೆ ಎಳೆಯುವ ಪ್ರತ್ಯೇಕ ಕಾಯ್ದೆ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ಕಂಪ್ಯೂಟರಿನ ಒಡೆಯನ ಅನುಮತಿ ಇಲ್ಲದೆ ಒಳಹೊಕ್ಕರೆ ತಪ್ಪು ಅನ್ನುತ್ತದೆ. ಕಂಪ್ಯೂಟರಿನ ಒಡೆಯ ಕಂಪನಿಯೇ ಆದರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಕೆಲಸಗಾರನ ಒಪ್ಪಿಗೆಯೇ ಬೇಡ ಅನ್ನುತ್ತದೆ. ನಷ್ಟ ಅಂದರೆ ಎಷ್ಟು ಅಂತ ಅಳತೆ ಇಲ್ಲ. ಅದೇ ಕಾಯ್ದೆಯ 44(3) ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಅಂದ ಕೂಡಲೇ ಕೊಡದಿರಲು ದಾರಿ ಮಾಡಿತು. 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಾಗ ಜನರಿಗೆ ರಕ್ಷಣೆ ಕೊಡುವ ಮುಖ್ಯ ಭಾಗಕ್ಕೆ 18 ತಿಂಗಳ ಗಡುವು ಇಟ್ಟರು. ಮಾಹಿತಿ ಹಕ್ಕಿಗೆ ಕತ್ತರಿ ಹಾಕುವ ಭಾಗ ಮಾತ್ರ ಕೂಡಲೇ ಜಾರಿ. ಮೇಲಿನವರ ಕಡತಕ್ಕೆ ಪರದೆ, ಕೆಳಗಿನವರ ಫೋನಿಗೆ ಕಿಟಕಿ.

ಒಂದು ಕಡೆ ಬೆಳಕೂ ಐತಿ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆಯಲ್ಲಿ, ಸ್ವಯಂಚಾಲಿತ ಕಾವಲು ಮತ್ತು ನಿರ್ಧಾರದ ವ್ಯವಸ್ಥೆ ತಮ್ಮ ಮೇಲೆ ಹೇಗೆ ಕೆಲಸ ಮಾಡ್ತದ ಅಂತ ತಿಳಿಯುವ ಹಕ್ಕನ್ನು ಬರೆದಿದ್ದಾರ. ಕೆಲಸದಿಂದ ತೆಗೆಯುವ ಮೊದಲು ಕಾರಣ ಹೇಳಿ 14 ದಿನದ ನೋಟಿಸ್ ಕೊಡಬೇಕು. ಊಟ ಹೊತ್ತು ತರುವ ಹುಡುಗರು ಬೀದಿಗಿಳಿದು ಗಳಿಸಿದ್ದು ಅದು. ಹಾಗಾದರೆ ಬಯೋಮೆಟ್ರಿಕ್ ಒತ್ತುವ ಪೌರಕಾರ್ಮಿಕಳಿಗೆ ಆ ಹಕ್ಕು ಯಾಕಿಲ್ಲ? ಫೋಟೋಕ್ಕೆ ಕಾಯುವ ಕೂಲಿಕಾರಳಿಗೆ ಯಾಕಿಲ್ಲ? ಕಂಪನಿ ಮಾಲೀಕನಿಗೆ ಸರ್ಕಾರ ಹಾಕಿದ ನಿಯಮ, ಸರ್ಕಾರವೇ ಮಾಲೀಕ ಆದಾಗ ಯಾಕೆ ಇಲ್ಲ?

"ಬೋಗಸ್ ಹಾಜರಿ ತಡೀಬ್ಯಾಡೇನು?" ಅಂತ ಕೇಳ್ತಾರ. ತಡೀಬೇಕು. ಬೋಗಸ್ ಹೆಸರು ಬರೆದು ರೊಕ್ಕ ಹೊಡೆದವರು ಹೆಚ್ಚಾಗಿ ಮಸ್ಟರ್ ರೋಲ್ ಹಿಡಿದವರು, ಗುದ್ದಲಿ ಹಿಡಿದವರಲ್ಲ. ಕೆಲಸ ಆಗೈತೋ ಇಲ್ಲೋ ಅಂತ ಅಳೆಯುವ ಹಕ್ಕು ಕೆಲಸ ಕೊಟ್ಟವನಿಗೆ ಐತಿ: ಗುಂಡಿ ಅಳೀಲಿ, ರಸ್ತೆ ನೋಡಲಿ, ಕಡತ ತಪಾಸಣೆ ಮಾಡಲಿ. ಅದಕ್ಕಂತ ಮನುಷ್ಯನ ಬೆರಳು, ಮುಖ, ಮಾತು, ಪಾಯಖಾನೆಯ ಹೊತ್ತು ಎಲ್ಲಾ ಖರೀದಿ ಮಾಡಿದಂಗ ಆಗೋದಿಲ್ಲ. ದಿನದ ಎಂಟು ತಾಸು ದುಡಿಮೆ ಮಾರಿದ್ದೀವಿ, ಮೈಯನ್ನು ಅಡ ಇಟ್ಟಿಲ್ಲ.

ಇನ್ನು ಮಾಡೋದೇನು? ನಾನು ನಮ್ಮ ಸಂಘಟನೆಗಳ ಮುಂದೆ ಇಡುತ್ತಿರುವ ಕೆಲಸ ಇಷ್ಟು.

1. ನಿಮ್ಮ ಊರಿನ ಪಂಚಾಯಿತಿ, ಪುರಸಭೆ, ಪಾಲಿಕೆಯಲ್ಲಿ ಹಾಜರಿ ಯಂತ್ರ ಅಥವಾ ಆ್ಯಪ್ ಇದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ. ಯಾವ ಕಂಪನಿಗೆ ಟೆಂಡರ್, ಎಷ್ಟು ರೊಕ್ಕ, ದತ್ತಾಂಶ ಎಲ್ಲಿ ಇಡ್ತಾರ, ಎಷ್ಟು ವರ್ಷ, ಯಾರು ನೋಡಬಹುದು. ಇದು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ತಿರಸ್ಕರಿಸಿದರೆ ಸಾರ್ವಜನಿಕ ಹಿತದ 8(2) ಇನ್ನೂ ಜೀವಂತ ಐತಿ, ಮೇಲ್ಮನವಿ ಹಾಕ್ರಿ.

2. ಮಷೀನು ಕೆಟ್ಟ ದಿನ, ನೆಟ್‌ವರ್ಕ್ ಇಲ್ಲದ ದಿನ ಕಾಗದದ ಹಾಜರಿ ನಡೀಬೇಕು, ಪಗಾರ ಕಡಿತ ಆಗಬಾರದು. ಇದನ್ನು ಬರವಣಿಗೆಯಲ್ಲಿ ಕೇಳ್ರಿ, ಸ್ವೀಕೃತಿ ತಗೊಳ್ರಿ.

3. ಸ್ವಂತ ಫೋನಿನಲ್ಲಿ ಕಚೇರಿ ಆ್ಯಪ್ ಹಾಕು ಅಂದರೆ ಲಿಖಿತ ಆದೇಶ ಕೇಳ್ರಿ. ಬಾಯಿಮಾತಿನ ಹುಕುಂಗಳು ಬಹಳ ಸಲ ಕಾಗದಕ್ಕೆ ಬರೋದೇ ಇಲ್ಲ.

4. ಕಂಪನಿಯಲ್ಲಿರುವ ನಮ್ಮ ಹುಡುಗ ಹುಡುಗಿಯರು ಸಂಘಟನೆಯ ಮಾತು, ಜಾತಿ ಕಿರುಕುಳದ ದೂರು, ಆಸ್ಪತ್ರೆ ವಿಷಯ ಯಾವುದನ್ನೂ ಕಂಪನಿ ಲ್ಯಾಪ್‌ಟಾಪ್, ಕಂಪನಿ ಮೇಲ್‌ನಲ್ಲಿ ಕಳಿಸಬ್ಯಾಡ್ರಿ. ಸ್ವಂತ ಫೋನು, ಸ್ವಂತ ಇಂಟರ್ನೆಟ್ ಬಳಸ್ರಿ. ನ್ಯಾಯ ಸಿಗೋತನಕ ಜಾಣತನ ಬೇಕು.

5. ಯೂನಿಯನ್‌ಗಳ ಬೇಡಿಕೆ ಪಟ್ಟಿಯಲ್ಲಿ ಪಗಾರ, ಪಿಎಫ್, ಕಾಯಮಾತಿ ಜೊತೆಗೆ ಒಂದು ಸಾಲು ಸೇರಲಿ: ಕಾರ್ಮಿಕರ ಜೊತೆ ಮಾತಾಡದೆ ಯಾವ ಕಾವಲು ಯಂತ್ರವೂ ಬೇಡ.

ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 81 ವರ್ಷ ನಡೆಯಿತು. ಅಷ್ಟು ದೀರ್ಘ ನಡೆಯಲು ಒಂದು ಕಾರಣ, ಬೇಲಿಯ ಹೊರಗಿದ್ದವರು ಅದು ತಮ್ಮ ವಿಷಯ ಅಲ್ಲ ಅಂದುಕೊಂಡಿದ್ದು. ಪೌರಕಾರ್ಮಿಕಳ ಮುಂಗೈ ಗಡಿಯಾರ ಮತ್ತು ಐಟಿ ಹುಡುಗನ ಲ್ಯಾಪ್‌ಟಾಪ್ ಒಂದೇ ಬೇಲಿಯ ಎರಡು ಕಂಬ ಅಂತ ಅವರಿಬ್ಬರಿಗೂ ತಿಳಿಸುವ ಕೆಲಸ ನಮ್ಮದು. ನಿಮ್ಮ ಕೆಲಸದ ಜಾಗದಲ್ಲಿ ಯಾವ ಯಂತ್ರ ಐತಿ, ಯಾವಾಗ ಬಂತು, ಅದರಿಂದ ಯಾರ ಪಗಾರ ಹೋಯಿತು ಅಂತ ಕಮೆಂಟ್‌ನಲ್ಲಿ ಬರೀರಿ. ಹೆಸರು ಹಾಕಬ್ಯಾಡ್ರಿ, ಕಚೇರಿ ಹೆಸರೂ ಬೇಡ. ಒಟ್ಟುಗೂಡಿಸಿ ಕಾರ್ಮಿಕ ಇಲಾಖೆಗೆ ಮನವಿ ಕೊಡೋಣ.

ಜೈ ಭೀಮ್. ಶೇರ್ ಮಾಡ್ರಿ.